ಗಾಳಿ ಹೋದರೆ ನಿಲ್ಲುವ ಲಾರಿ

ಲಾರಿ ನಿಲ್ಲಿಸಿದ ಡ್ರೈವರ್ ಹ್ಯಾಂಡ್‌ಬ್ರೇಕ್ ಹಾಕಿದಾಗ ‘ಟುಸ್ಸ್’ ಎಂದು ಗಾಳಿ ಹೊರಬರುತ್ತದಲ್ಲ, ಏರ್ ಬ್ರೇಕಿನ ಜಾಣ್ಮೆಯೆಲ್ಲ ಆ ಸದ್ದಿನಲ್ಲಿದೆ. ಹಿಂದಿನ ಚಕ್ರಗಳ ಬ್ರೇಕ್ ಚೇಂಬರಿನೊಳಗೆ ಬಲವಾದ ಸ್ಪ್ರಿಂಗ್ ಕೂತಿರುತ್ತದೆ. ಬ್ರೇಕ್ ಹಿಡಿಯುವುದೇ ಅದರ ಸ್ವಭಾವ. ಗಾಳಿಯ ಒತ್ತಡ ಅದನ್ನು ಅದುಮಿಟ್ಟಿದ್ದರಷ್ಟೇ ಚಕ್ರ ಉರುಳೀತು. ಪೈಪು ಒಡೆದು ಗಾಳಿಯೆಲ್ಲ ಸೋರಿದರೆ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರವನ್ನು ತಾನೇ ಹಿಡಿಯುತ್ತದೆ. ಕೆಟ್ಟಾಗಲೂ ಕಾಯುವಂತೆ ಕಟ್ಟಿದ ಇಂಥ ಯಂತ್ರ ಕಂಡರೆ ನನಗೆ ಗೌರವ.

ಓಡುವಾಗಿನ ಕೆಲಸ ಬೇರೆ. ಎಂಜಿನ್ ತಿರುಗಿಸುವ ಕಂಪ್ರೆಸರ್ ಟ್ಯಾಂಕುಗಳಲ್ಲಿ ಸುಮಾರು 8 ಬಾರ್ ಒತ್ತಡದ ಗಾಳಿ ತುಂಬಿಡುತ್ತದೆ. ಪೆಡಲ್ ತುಳಿದರೆ ವಾಲ್ವ್ ತೆರೆದು, ತುಳಿದಷ್ಟಕ್ಕೆ ತಕ್ಕ ಗಾಳಿ ಚೇಂಬರಿಗೆ ನುಗ್ಗುತ್ತದೆ. ಡಯಾಫ್ರಮ್ ರಾಡನ್ನು ತಳ್ಳಿ, ಕ್ಯಾಮ್ ತಿರುಗಿ, ಲೈನರ್ ಡ್ರಮ್ಮಿಗೆ ಒತ್ತುತ್ತದೆ. ಪಾದದ ಸಣ್ಣ ಬಲಕ್ಕೆ ಹತ್ತಾರು ಟನ್ ಭಾರ ಬಗ್ಗುತ್ತದೆ. ಸ್ವಲ್ಪ ಸೋರಿದರೂ ಕಂಪ್ರೆಸರ್ ತುಂಬಿಕೊಡುತ್ತದೆ. ಆಯಿಲ್ ಬ್ರೇಕಿಗೆ ಆ ಭಾಗ್ಯವಿಲ್ಲ.

ಗಾಳಿ ಹೋದರೆ ಬ್ರೇಕ್ ಹಿಡಿಯಬೇಕೆಂಬ ಯೋಚನೆ ರೈಲಿನದು. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟ್ ಪಡೆದ ಮೊದಲ ಏರ್ ಬ್ರೇಕಿನಲ್ಲಿ ಪೈಪು ತುಂಡಾದರೆ ಬ್ರೇಕೇ ಇರುತ್ತಿರಲಿಲ್ಲ. 1872ರ ವಿನ್ಯಾಸದಲ್ಲಿ ಆತ ಅದನ್ನು ತಲೆಕೆಳಗು ಮಾಡಿದ: ಬೋಗಿಗಳು ಕಳಚಿಕೊಂಡರೆ ಎರಡೂ ಭಾಗ ತಾವಾಗಿ ನಿಲ್ಲುವಂತಾಯಿತು.

ಆದರೆ ವಿಪರೀತ ಕಾದ ಡ್ರಮ್ಮಿಗೆ ಯಾವ ಗಾಳಿಯೂ ನೆರವಾಗದು. ಶಿರಾಡಿ ಘಾಟಿ ಇಳಿಯುವವರು ಸಣ್ಣ ಗೇರಿನಲ್ಲೇ ಇಳಿಯಿರಿ. ಟ್ಯಾಂಕಿನಲ್ಲಿ ಕೂಡಿದ ನೀರನ್ನು ತಪ್ಪದೆ ಹೊರಬಿಡಿ. ಗೇಜಿನ ಮುಳ್ಳು ಏರುವವರೆಗೆ ಗಾಡಿ ಕದಲಿಸಬೇಡಿ.