ಕಣದ ಬಿಸಿಲು

ಕಾಫಿಯ ಸೊಗಸೆಲ್ಲ ಹುರಿಯುವವನ ಕೈಯಲ್ಲಿದೆಯೆಂದು ಪೇಟೆಯವರು ನಂಬಿರುವರಾದರೂ, ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿಯೂ ಕೊಡಗಿನಲ್ಲಿಯೂ ಧನುರ್ಮಾಸದ ಬಿಸಿಲಿಗೆ ಬೀಜ ಹರಡಿದ ಕಣಗಳನ್ನು ಕಂಡವರಿಗೆ, ಅದರ ಬಹುಭಾಗವು ಒಣಗಿಸುವವನ ತಾಳ್ಮೆಗೆ ಸಲ್ಲತಕ್ಕದ್ದೆಂಬುದು ತಾನಾಗಿಯೇ ವೇದ್ಯವಾಗುವುದು. ಸಿಪ್ಪೆ ಸುಲಿದು ಲೋಳೆ ತೊಳೆದ ಪಾರ್ಚ್‌ಮೆಂಟ್ ಬೀಜದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುವುದು. ಅದನ್ನು ಶೇಕಡಾ 10ರ ಆಸುಪಾಸಿಗೆ ಇಳಿಸಬೇಕು, ಆದರೆ ಅವಸರಪಡಿಸಲಾಗದು. ಉರಿಬಿಸಿಲು ತಾಗಿದರೆ ಪೊರೆ ಬಿರಿದು ಬೀಜ ಬಣ್ಣಗೆಡುವುದು. ದಪ್ಪನಾಗಿ ಹರವಿ ಕೈಯಾಡಿಸದೆ ಬಿಟ್ಟರೆ ಬೂಷ್ಟು ಹಿಡಿದು, ಆ ಮುಗ್ಗುವಾಸನೆ ಲೋಟದವರೆಗೂ ಬೆನ್ನಟ್ಟುವುದು. ಅದಕ್ಕೆಂದೇ ಹಗಲೆಲ್ಲ ಬೀಜವನ್ನು ಕುಂಟೆಯಿಂದ ತಿರುವಿಹಾಕುತ್ತ, ಸಂಜೆ ಇಬ್ಬನಿಗೆ ಮುನ್ನ ಒಟ್ಟುಗೂಡಿಸಿ ಮುಚ್ಚುವರು. ಹದವರಿತ ಮೇಸ್ತ್ರಿಯು ನಾಲ್ಕು ಬೀಜಗಳನ್ನು ಅಂಗೈಯಲ್ಲಿ ಉಜ್ಜಿ, ಪೊರೆ ಕಳಚಿ, ಒಳಗಿನ ನೀಲಿ ಬೆರೆತ ಹಸುರನ್ನು ಬೆಳಕಿಗೆ ಹಿಡಿದು, ಒಂದನ್ನು ಹಲ್ಲಿಗಿಟ್ಟು ನೋಡುವ ಪರಿಯನ್ನು ಕಂಡರೆ, ತೇವಮಾಪಕ ಯಂತ್ರದ ಮೇಲಿನ ಗೌರವ ತುಸು ತಗ್ಗೀತು!

ಹಣ್ಣನ್ನು ಇಡಿಯಾಗಿ ಒಣಗಿಸಿದ ಚೆರಿಯ ಮಾತು ಬೇರೆ: ಅದಕ್ಕೆ ಹೆಚ್ಚು ದಿನ ಬೇಕು, ರುಚಿಯೂ ಗಡುಸು. ಕುಲುಕಿದಾಗ ಕಾಯೊಳಗೆ ಗಲಗಲವೆನ್ನುವುದೇ ಅದರ ಹದ.

ಆದರೂ ವಿಚಿತ್ರವೆಂದರೆ, ಇಷ್ಟು ಜತನದಿಂದ ನೀಗಿಸಿದ ತೇವವನ್ನು ಮಂಗಳೂರಿನ ಉಗ್ರಾಣಗಳಲ್ಲಿ ಮುಂಗಾರಿನ ಕಡಲಗಾಳಿಗೆ ಬೀಜವನ್ನೊಡ್ಡಿ ಬೇಕೆಂದೇ ಮರಳಿ ಕುಡಿಸುವರು. ಅದು ಉಬ್ಬಿ, ಹೊಂಬಣ್ಣ ತಾಳಿ, ಹುಳಿಯನ್ನು ಕಳೆದುಕೊಳ್ಳುವುದು. ಪರದೇಶದವರು ಅದನ್ನು ಮೆಚ್ಚಿ ಕೊಳ್ಳುವರು. ನನ್ನ ನಾಲಗೆಗಾದರೋ ಕಣದ ಪಾರ್ಚ್‌ಮೆಂಟೇ ಹಿತ.