ತೇಜಸ್ಸಿನ ಮರೆಯ ನೆರೆಯವರು

ಆಕಾಶವೀಕ್ಷಣೆಯ ರಸಿಕರಲ್ಲಿ ಹೆಚ್ಚಿನವರು ದೂರದ ನೀಹಾರಿಕೆಗಳಿಗೆ ಮನಸೋತು, ಸೂರ್ಯನ ನೆರೆಕೆರೆಯಲ್ಲಿರುವ ನಕ್ಷತ್ರಗಳನ್ನು ಪರಿಚಿತವೆಂಬ ಕಾರಣದಿಂದಲೇ ಉಪೇಕ್ಷಿಸುವುದುಂಟು. ಆದರೆ ಈ ನೆರೆಕೆರೆಯ ಗಣತಿಯೇ ಇನ್ನೂ ಮುಗಿದಿಲ್ಲವೆಂಬುದನ್ನೂ, ಗಣತಿಗೆ ತಪ್ಪಿಸಿಕೊಂಡವುಗಳಲ್ಲಿ ಹಲವು, ಉಜ್ಜ್ವಲ ತಾರೆಗಳ ಮಗ್ಗುಲಲ್ಲಿಯೇ ಕುಳಿತಿವೆಯೆಂಬುದನ್ನೂ ಬಲ್ಲವನಿಗೆ, ಚಿರಪರಿಚಿತವಾದ ಲುಬ್ಧಕವೂ ಹೊಸದಾಗಿ ತೋರುವುದು.

ಇಂಧನವನ್ನೆಲ್ಲ ಉರಿಸಿ, ಹೊರಮೈಯ ಅನಿಲವನ್ನು ಅಂತರಿಕ್ಷಕ್ಕೆ ಚೆಲ್ಲಿ, ಸರಿಸುಮಾರು ಭೂಮಿಯ ಗಾತ್ರಕ್ಕೆ ಕುಗ್ಗಿ, ನಿಧಾನವಾಗಿ ತಣಿಯುತ್ತಿರುವ ತಾರಾಶೇಷಕ್ಕೆ ಶ್ವೇತಕುಬ್ಜವೆಂದು ಹೆಸರು. ನಮ್ಮಿಂದ 8.6 ಜ್ಯೋತಿರ್ವರ್ಷ ದೂರದ ಲುಬ್ಧಕಕ್ಕೆ ಅದೃಶ್ಯ ಸಂಗಾತಿಯೊಂದಿರಬೇಕೆಂದು ಜರ್ಮನಿಯ ಬೆಸೆಲ್ 1844ರಲ್ಲಿ ಆ ನಕ್ಷತ್ರದ ನಡಿಗೆಯ ಓಲಾಟದಿಂದಲೇ ಊಹಿಸಿದನು. ಹದಿನೆಂಟು ವರ್ಷಗಳ ತರುವಾಯ, 1862ರ ಜನವರಿ 31ರಂದು, ಅಮೆರಿಕೆಯ ಆಲ್ವನ್ ಗ್ರಹಾಂ ಕ್ಲಾರ್ಕನು ಹದಿನೆಂಟೂವರೆ ಅಂಗುಲದ ಹೊಸ ಮಸೂರವನ್ನು ಪರೀಕ್ಷಿಸುತ್ತಿದ್ದಾಗ ಶ್ವೇತಕುಬ್ಜವಾದ ಆ ಸಂಗಾತಿ ಅವನ ಕಣ್ಣಿಗೆ ಬಿದ್ದಿತು. ಲುಬ್ಧಕದ ಸುಮಾರು ಹತ್ತುಸಾವಿರದಲ್ಲೊಂದು ಪಾಲು ಕಾಂತಿ ಮಾತ್ರವಿದ್ದ ಆ ಬಿಂದುವು, ಒಂಟಿಯಾಗಿ ನಿಂತಿದ್ದರೆ ಸಾಮಾನ್ಯ ದೂರದರ್ಶಕಕ್ಕೂ ಸುಲಭವಾಗಿ ದಕ್ಕುತ್ತಿದ್ದಿತು.

ಶ್ವೇತಕುಬ್ಜದ ಜೊತೆಗಾತಿ ಮಂಕಾದ ಕೆಂಪು ಕುಬ್ಜವಾಗಿದ್ದರೆ ಆ ಶ್ವೇತಕುಬ್ಜವನ್ನು ಪತ್ತೆಹಚ್ಚುವುದು ಅಷ್ಟು ಕಷ್ಟವಲ್ಲ. ಸೂರ್ಯನಂತಹ ಅಥವಾ ಅದಕ್ಕಿಂತ ಪ್ರಖರವಾದ ತಾರೆಯಾಗಿದ್ದರೆ ಮಾತ್ರ ಸಂಕಟ. ಈ ಎರಡನೆಯ ಬಗೆಯ ಯಮಳಗಳನ್ನು ಲುಬ್ಧಕಸದೃಶವೆಂದು ಕರೆದು, ಖಗೋಳಜ್ಞ ಜೇ ಹೋಲ್ಬರ್ಗ್ ಮತ್ತು ಅವರ ಸಂಗಡಿಗರು 2013ರಲ್ಲಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಕೇವಲ 98. ಸುಮಾರು 65 ಜ್ಯೋತಿರ್ವರ್ಷಗಳ ಒಳಗೆ ನೂರು ಶ್ವೇತಕುಬ್ಜಗಳಲ್ಲಿ ಎಂಟು ಇಂತಹ ಜೋಡಿಯಲ್ಲಿದ್ದರೆ, ಅದರಾಚೆಗೆ ಆ ಪ್ರಮಾಣವು ಒಂದೆರಡಕ್ಕೆ ಇಳಿದುಬಿಡುತ್ತಿತ್ತು. ಆ ಗಡಿಯಾಚೆ ಸೃಷ್ಟಿನಿಯಮ ಬದಲಾಗಲು ಯಾವ ಕಾರಣವೂ ಇಲ್ಲವಾದ್ದರಿಂದ, ಕುಂದಿದ್ದು ನಮ್ಮ ದೃಷ್ಟಿಯ ಪಟುತ್ವವೆಂದೇ ತಿಳಿಯಬೇಕು. ನನ್ನ ಮಟ್ಟಿಗೆ ಈ ಕೊರತೆಯ ಅಂಕಿಯು, ಪೂರ್ಣಗೊಂಡ ಯಾವ ಪಟ್ಟಿಗಿಂತಲೂ ರುಚಿಕರ.

ಮಘಾ ನಕ್ಷತ್ರವನ್ನೇ ನೋಡಿರಿ. ನಮ್ಮ ಪಂಚಾಂಗಕರ್ತರು ತಲೆತಲಾಂತರದಿಂದ ಎಣಿಸುತ್ತ ಬಂದ, ಸುಮಾರು 79 ಜ್ಯೋತಿರ್ವರ್ಷ ದೂರದ ಈ ಪ್ರಥಮಶ್ರೇಣಿಯ ತಾರೆಯು ನಲವತ್ತು ದಿನಗಳಿಗೊಮ್ಮೆ ಯಾವುದೋ ಸಂಗಾತಿಯೊಡನೆ ಸುತ್ತುತ್ತಿದೆಯೆಂಬುದು ರೋಹಿತದ ರೇಖೆಗಳ ಹಿಂದುಮುಂದಿನ ಸರಿದಾಟದಿಂದ ಹೊರಬಿದ್ದುದು 2008ರಲ್ಲಿ. ಶ್ವೇತಕುಬ್ಜವಾಗುವ ಹಾದಿಯಲ್ಲಿರುವ ಆ ಸಂಗಾತಿಯ ಬೆಳಕಿನ ಕ್ಷೀಣ ಸುಳಿವು ಸಿಕ್ಕಿದ್ದು 2020ರಲ್ಲಿ. ಮಘೆಯು ಹದಿನಾರು ಗಂಟೆಗಳೊಳಗೆ ಒಂದು ಸುತ್ತು ತಿರುಗಿ, ಆ ವೇಗಕ್ಕೆ ನಡು ಉಬ್ಬಿ ಧ್ರುವಗಳಲ್ಲಿ ಚಪ್ಪಟೆಯಾಗಿರುವುದಕ್ಕೂ ಆ ಸಂಗಾತಿಯೇ ಕಾರಣ: ಸಂಗಾತಿಯು ಉಬ್ಬಿದ ದಿನಗಳಲ್ಲಿ ಅದರ ಹೊರಮೈಯನ್ನು ಈಕೆ ಸೆಳೆದುಕೊಂಡಳು, ದ್ರವ್ಯದೊಡನೆ ಭ್ರಮಣವೂ ಬಂದಿತು.

ಇಂತಹವುಗಳನ್ನು ಸಾಲಾಗಿ ಸೋಸಲು ಅತಿನೇರಳೆ ಬೆಳಕು ಮುಖ್ಯ ಸಾಧನ. ಸೂರ್ಯಸದೃಶ ತಾರೆಯು ಆ ಬೆಳಕಿನಲ್ಲಿ ಮಂಕು, ಬಿಸಿಯಾದ ಶ್ವೇತಕುಬ್ಜವಾದರೋ ಪ್ರಖರ. ಆದುದರಿಂದ ಸಾಧಾರಣ ನಕ್ಷತ್ರವೊಂದು ಅತಿನೇರಳೆಯಲ್ಲಿ ಮಿತಿಮೀರಿ ಹೊಳೆದರೆ ಗುಟ್ಟು ರಟ್ಟಾದಂತೆಯೇ. 2003ರಲ್ಲಿ ಹಾರಿದ ಗ್ಯಾಲೆಕ್ಸ್ ಉಪಗ್ರಹದ ನಕ್ಷೆಗಳನ್ನು ಹೀಗೆಯೇ ಜಾಲಾಡಿದರು. 2015ರಲ್ಲಿ ಶ್ರೀಹರಿಕೋಟಾದಿಂದ ಏರಿದ ಆಸ್ಟ್ರೋಸ್ಯಾಟಿನ ಅತಿನೇರಳೆ ದೂರದರ್ಶಕವು ನಮ್ಮ ಹೊಸಕೋಟೆಯಲ್ಲಿ ಜೋಡಣೆಗೊಂಡದ್ದು. ನೆರೆಕೆರೆಯ ಮಾತಲ್ಲದಿದ್ದರೂ, ಕರ್ಕಾಟಕ ರಾಶಿಯ ಪುರಾತನ ಗುಚ್ಛವಾದ ಎಂ 67ರಲ್ಲಿ ಅದು ಕೆಲವು ತಾರೆಗಳ ಶ್ವೇತಕುಬ್ಜ ಸಂಗಾತಿಗಳನ್ನು ಬಯಲಿಗೆಳೆಯಿತು. ತಣ್ಣಗಾದ ಮುದಿ ಶ್ವೇತಕುಬ್ಜಗಳು ಈ ಬಲೆಗೂ ಬೀಳವು. ಗಯಾ ಉಪಗ್ರಹವು ನಕ್ಷತ್ರಗಳ ಚಲನೆಯನ್ನು ಅಳೆದು, ಒಟ್ಟಾಗಿ ನಡೆಯುವ ದೂರಾಂತರದ ಜೋಡಿಗಳನ್ನು ಕೊಟ್ಟಿದೆ. 2021ರ ಒಂದು ಪಟ್ಟಿಯಲ್ಲಿ ಶ್ವೇತಕುಬ್ಜವೂ ಸಾಧಾರಣ ತಾರೆಯೂ ಕೂಡಿದ ಜೋಡಿಗಳೇ ಸುಮಾರು ಹದಿನಾರು ಸಾವಿರ. ಅಂಟಿಕೊಂಡಂತಿರುವ ಜೋಡಿಗಳ ಪಾಡು ಬೇರೆ.

ಸಂಗಾತಿಯಿರುವ ಶ್ವೇತಕುಬ್ಜವನ್ನು ವಿದ್ವಾಂಸರು ಇಷ್ಟು ಬೆಲೆಯುಳ್ಳದ್ದೆಂದು ಭಾವಿಸುವುದೇಕೆಂದರೆ, ಕಕ್ಷೆಯನ್ನು ಅಳೆದರೆ ಅದರ ತೂಕ ತಿಳಿಯುತ್ತದೆ. ಎರಡೂ ಒಟ್ಟಿಗೆ ಹುಟ್ಟಿದವಾದ್ದರಿಂದ ಒಂದರ ವಯಸ್ಸು ಇನ್ನೊಂದರದೂ ಆಗುತ್ತದೆ.

ಸ್ವಂತ ಕಣ್ಣಿನಿಂದ ನೋಡಬಯಸುವವರು ಲುಬ್ಧಕದಿಂದ ಆರಂಭಿಸಿ ನಿರಾಶರಾಗುವುದು ವಾಡಿಕೆ. ಮಹಾವ್ಯಾಧನ ಪಶ್ಚಿಮಕ್ಕೆ, ಎರಿಡಾನಸ್ ಪುಂಜದಲ್ಲಿ, ಚಳಿಗಾಲದ ಸಂಜೆ ಬರಿಗಣ್ಣಿಗೇ ಕಾಣುವ 40ನೆಯ ತಾರೆಗೆ ಮೊದಲು ಹೋಗುವುದು ಮೇಲು: 16 ಜ್ಯೋತಿರ್ವರ್ಷ ದೂರದ ಆ ಕಿತ್ತಳೆ ನಕ್ಷತ್ರದಿಂದ 83 ವಿಕಲೆ ದೂರ ಸರಿದು ನಿಂತಿರುವ ಶ್ವೇತಕುಬ್ಜವು ಮೂರಂಗುಲದ ದೂರದರ್ಶಕಕ್ಕೂ ದಕ್ಕುವುದು. ವಿಲಿಯಂ ಹರ್ಷೆಲ್ ಅದನ್ನು ಗುರುತಿಸಿದ್ದು 1783ರಲ್ಲಿ, ಅದೂ ಜನವರಿ 31ರಂದೇ, ಕಾಕತಾಳೀಯವಷ್ಟೆ. ಅಲ್ಲಿ ಕಣ್ಣು ಪಳಗಿದ ಮೇಲೆ, ಗಾಳಿ ಅಲುಗದ ರಾತ್ರಿಯೊಂದರಲ್ಲಿ, ಎಂಟಂಗುಲಕ್ಕೆ ಕಡಮೆಯಿಲ್ಲದ ಉಪಕರಣದೊಡನೆ ಲುಬ್ಧಕಕ್ಕೆ ಬರಬಹುದು. ಐವತ್ತು ವರ್ಷಗಳ ಕಕ್ಷೆಯಲ್ಲಿ ಸಂಗಾತಿಯು ಈಗ ಹನ್ನೊಂದು ವಿಕಲೆಗಳಷ್ಟು ಆಚೆ ಇದೆ. 2044ರ ಸುಮಾರಿಗೆ ಮತ್ತೆ ಮಗ್ಗುಲಿಗೆ ಸರಿಯುವುದರಿಂದ, ಪ್ರಯತ್ನಕ್ಕೆ ಈ ದಶಕವೇ ತಕ್ಕುದು.