ಒತ್ತಿದ ಕೀ ಎಲ್ಲಿಗೆ ಹೋಯಿತು?

"ಅಂಕಲ್, ಒತ್ತಿ ಹಿಡ್ಕೊಂಡ್ರೆ ಓಡ್ತಾನೆ. ಸುಮ್ನೆ ಒತ್ತಿಬಿಟ್ರೆ ಅಲ್ಲಾಡೋದೇ ಇಲ್ಲ. ಕೀಬೋರ್ಡ್ ಹೋಗೈತೆ ಅನ್ಸುತ್ತೆ."

ಕಳೆದ ಭಾನುವಾರ ಸಂಜೆ ಪಕ್ಕದ ಮನೆಯ ಹುಡುಗ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಒಂಬತ್ತನೇ ಕ್ಲಾಸು. ಪರದೆಯ ಮೇಲೆ 'ಪ್ರಿನ್ಸ್ ಆಫ್ ಪರ್ಷಿಯಾ'. ಹಿಂದಿನ ವಾರ ನಾನೇ, ಹಳೆಯ ಡಾಸ್ ಆಟಗಳನ್ನು ಈಗಿನ ಯಂತ್ರದಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಹಾಕಿಕೊಟ್ಟಿದ್ದೆ. ಬಿಳಿ ಬಟ್ಟೆಯ ರಾಜಕುಮಾರ ನೆಲಮಾಳಿಗೆಯ ಕಲ್ಲುಹಾಸಿನ ಅಂಚಿನಲ್ಲಿ ನಿಂತಿದ್ದಾನೆ. ಹುಡುಗ ಬಲಗಡೆಯ ಆ್ಯರೋ ಕೀಯನ್ನು ಟಪಟಪ ಕುಟ್ಟುತ್ತಾನೆ, ಆತ ಕದಲುವುದಿಲ್ಲ. ಶಿರಾ ಗೇಟಿನ ಅಂಗಡಿಯಲ್ಲಿ ಹೊಸ ಕೀಬೋರ್ಡ್ ತಗೊಂಡು ಬಾ ಎಂದು ಅವರಪ್ಪ ದುಡ್ಡನ್ನೂ ಕೊಟ್ಟು ಕಳಿಸಿದ್ದರು.

ದುಡ್ಡು ಜೇಬಿನಲ್ಲೇ ಇರಲಿ, ಒಳಗೆ ಬಾ ಎಂದೆ. ಹಳೆಯ ಆಟಗಳ ಸಹವಾಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಗಟ್ಟಿಯಾಗಿ ಗೊತ್ತಾಗಿರುವ ಸಂಗತಿ ಒಂದಿದೆ. ಕೀ ಮಾತು ಕೇಳದಿದ್ದಾಗ ಕೀಬೋರ್ಡೇ ಕೆಟ್ಟಿರುವುದು ಅಪರೂಪ. ಬೆರಳಿನಿಂದ ಆಟದವರೆಗೆ ಹಲವು ಬಾಗಿಲುಗಳಿವೆ. ಒತ್ತಿದ್ದು ಆ ಯಾವುದೋ ಒಂದು ಬಾಗಿಲಲ್ಲಿ ನಿಂತಿರುತ್ತದೆ, ಅಥವಾ ಬೇರೆ ಯಾರ ಕೈಗೋ ಸೇರಿರುತ್ತದೆ. ಎಲ್ಲಿ ಎಂದು ಹುಡುಕುವುದು ಆಟ ಆಡುವಷ್ಟೇ ಸೊಗಸಾದ ಕೆಲಸ. ಈ ವಾರ ಅದನ್ನೇ ಬರೆಯುತ್ತೇನೆ.

ಮೊದಲಿಗೆ ಆಟದ ನಡಿಗೆ ಹೇಗಿದೆ ಎಂದು ತಿಳಿದಿರಬೇಕು. ಪ್ರಿನ್ಸ್ ಆಫ್ ಪರ್ಷಿಯಾ ಬರೆದ ಜೋರ್ಡಾನ್ ಮೆಕ್ನರ್ ತಮ್ಮ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೊ ಹಿಡಿದು, ಅದರ ಒಂದೊಂದು ಚೌಕಟ್ಟಿನ ಮೇಲೂ ಗೆರೆ ಎಳೆದು ಆ ರಾಜಕುಮಾರನನ್ನು ಮಾಡಿದರು. 1989ರಲ್ಲಿ ಆಪಲ್ 2 ಯಂತ್ರಕ್ಕೆ ಬಂದ ಆಟ ಮರುವರ್ಷ ಡಾಸ್‌ಗೆ ಬಂತು, ಅಲ್ಲಿಂದ ನಮ್ಮ ಊರಿನ ಕಂಪ್ಯೂಟರ್ ಕ್ಲಾಸುಗಳಿಗೂ ಬಂತು. ಈ ರಾಜಕುಮಾರನಿಗೆ ಮೈಯ ಭಾರ ಇದೆ. ಓಡುತ್ತಿರುವಾಗ ಕೀ ಬಿಟ್ಟರೆ ತಕ್ಷಣ ನಿಲ್ಲುವುದಿಲ್ಲ, ಕಾಲೂರಿ ಜಾರಿ ನಿಲ್ಲುತ್ತಾನೆ. ಒಂದು ಚಲನೆ ಮುಗಿಯುವ ತನಕ ಇನ್ನೊಂದನ್ನು ಶುರುಮಾಡುವುದಿಲ್ಲ. ಈಗಿನ ಮೊಬೈಲ್ ಆಟಗಳಲ್ಲಿ ಪಳಗಿದ ಬೆರಳಿಗೆ ಇದು ಕೀ ಕೆಟ್ಟಂತೆಯೇ ಅನಿಸುತ್ತದೆ. ಅದನ್ನು ದೋಷ ಎನ್ನಬಾರದು. ಒಂದು ಹೆಜ್ಜೆ ಮೊದಲೇ ಯೋಚಿಸಿ ಕೀ ಒತ್ತಬೇಕಾದ ಆಟ ಇದು, ಅದರ ಸೌಂದರ್ಯವೆಲ್ಲ ಇರುವುದೇ ಆ ಕಾಯುವಿಕೆಯಲ್ಲಿ.

ಆದರೆ ಹುಡುಗನ ದೂರು ಬೇರೆ. 'ಹಿಡಿದುಕೊಂಡರೆ ಓಡುತ್ತಾನೆ, ಒತ್ತಿಬಿಟ್ಟರೆ ಇಲ್ಲ' ಎಂಬ ಅವನ ಮಾತಿನಲ್ಲೇ ರೋಗದ ಗುರುತು ಇತ್ತು. "ಈ ಆಟದಲ್ಲಿ ಅಂಚು ಹಿಡ್ಕೊಂಡು ನೇತಾಡೋದಕ್ಕೆ ಯಾವ ಕೀ ಒತ್ತೀಯಪ್ಪ?" ಎಂದು ಕೇಳಿದೆ. "ಶಿಫ್ಟ್" ಅಂದ. "ಯಾವ ಕಡೇದು?" "ಬಲಗಡೇದು. ಆ್ಯರೋಗೆ ಹತ್ರ ಐತಲ್ಲ."

ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟನ್ನು 8 ಸೆಕೆಂಡು ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಎಂಬ ಸೌಲಭ್ಯ ಎದ್ದು ಬರುತ್ತದೆ. ಕೈ ನಡುಗುವವರಿಗಾಗಿ ಮಾಡಿದ, ಬಹಳ ಉಪಕಾರದ ಸೌಲಭ್ಯ ಅದು. ಚಕ್ಕನೆ ತಾಗಿದ ಒತ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸ್ವಲ್ಪ ಹೊತ್ತು ಹಿಡಿದದ್ದನ್ನು ಮಾತ್ರ ಮುಂದೆ ಕಳಿಸುತ್ತದೆ. ಶುರುವಾಗುವ ಮುನ್ನ ಪರದೆಯ ಮೇಲೆ ಪ್ರಶ್ನೆಯನ್ನೂ ಕೇಳುತ್ತದೆ. ಆಟದ ಭರದಲ್ಲಿ ಹುಡುಗ ಹೌದು ಅಂದುಬಿಟ್ಟಿದ್ದಾನೆ. ಅಂಚು ಹಿಡಿದು ನೇತಾಡುವ ಆಟದಲ್ಲಿ ಶಿಫ್ಟ್ ಮೇಲೆ ಎಂಟು ಸೆಕೆಂಡು ಬೆರಳಿಡುವುದು ಏನು ದೊಡ್ಡದು? ಇದರ ಜೋಡಿ ಇನ್ನೊಂದಿದೆ: ಶಿಫ್ಟನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್. ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ಭಾಗದಲ್ಲಿ, ಕೀಬೋರ್ಡ್ ಅಡಿಯಲ್ಲಿ, ಇವೆರಡರ ಶಾರ್ಟ್‌ಕಟ್‌ಗಳನ್ನು ಆರಿಸಿಟ್ಟೇ ಹಳೆಯ ಆಟಕ್ಕೆ ಕೂರಬೇಕು. ಎದ್ದು ಕೂತಿದ್ದ ಫಿಲ್ಟರ್ ಕೀಸನ್ನೂ ಆರಿಸಿದೆವು. ರಾಜಕುಮಾರ ಓಡಿದ.

ಹುಡುಗ ಹೊರಡುವವನಿದ್ದ, ನಾನೇ ಕೂರಿಸಿಕೊಂಡೆ. ಇದೇ ಆಟದಲ್ಲಿ ಇನ್ನೊಂದು ಬಾಗಿಲು ಇದೆಯಲ್ಲ. ಡಾಸ್ ಕಾಲದ ಪ್ರಿನ್ಸ್‌ನಲ್ಲಿ ಕಂಟ್ರೋಲ್ ಜೊತೆ ಜೆ ಒತ್ತಿದರೆ ಆಟ ಜಾಯ್‌ಸ್ಟಿಕ್ ಕಡೆ ತಿರುಗುತ್ತದೆ, ಕಂಟ್ರೋಲ್ ಜೊತೆ ಕೆ ಒತ್ತಿದರೆ ಕೀಬೋರ್ಡ್ ಕಡೆಗೆ ಮರಳುತ್ತದೆ. ಜಾಯ್‌ಸ್ಟಿಕ್ ಇರುವ ಯಂತ್ರದಲ್ಲಿ ಕೈತಪ್ಪಿ ಜೆ ತಾಗಿದರೆ ಎಷ್ಟು ಕುಟ್ಟಿದರೂ ಆಟ ಆ ಜಾಯ್‌ಸ್ಟಿಕ್ಕಿನ ದಾರಿ ಕಾಯುತ್ತಿರುತ್ತದೆ. ಯುಎಸ್‌ಬಿ ಗೇಮ್‌ಪ್ಯಾಡ್ ಸಿಕ್ಕಿಸಿಟ್ಟು ಮರೆತವರ ಪಾಡೂ ಇದೇ ಬಗೆಯದು. ಪ್ಯಾಡಿನ ಕಡ್ಡಿ ಕೂದಲೆಳೆಯಷ್ಟು ಓರೆಯಾಗಿದ್ದರೂ ಕೆಲವು ಹಳೆಯ ಆಟಗಳಿಗೆ ಅದು ಸದಾ ಒತ್ತಿಹಿಡಿದ ಹಾಗೆ. ಮೊದಲು ಪ್ಯಾಡ್ ಕಿತ್ತು ನೋಡಬೇಕು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ. ಮನೆಯಲ್ಲಿ ಈಗಲೂ ಹಳೆಯ ಪೆಂಟಿಯಂ ಯಂತ್ರ ಇಟ್ಟುಕೊಂಡಿರುವ ನನ್ನಂಥವರಿಗಷ್ಟೇ ಇದು ಬೇಕಾದೀತು, ಆದರೂ ಹೇಳದೆ ಇರಲಾರೆ. ಐಬಿಎಂ ಪಿಸಿಯ ಮೊದಲ ಕೀಬೋರ್ಡಿನಲ್ಲಿ ಆ್ಯರೋಗಳಿಗೆ ಬೇರೆ ಜಾಗ ಇರಲಿಲ್ಲ. ನಂಬರ್ ಪ್ಯಾಡಿನ 8, 4, 6, 2 ಅವೇ ಆ್ಯರೋಗಳು. ಆಮೇಲೆ 101 ಕೀಗಳ ಕೀಬೋರ್ಡ್ ಬಂದಾಗ ಆ್ಯರೋಗಳಿಗೆ ಪ್ರತ್ಯೇಕ ಮನೆ ಸಿಕ್ಕಿತು. ಹಳೆಯ ತಂತ್ರಾಂಶಗಳಿಗೆ ಗೊಂದಲ ಆಗದಿರಲೆಂದು ಎಂಜಿನಿಯರುಗಳು ಒಂದು ಉಪಾಯ ಮಾಡಿದರು. ಹೊಸ ಆ್ಯರೋ ಒತ್ತಿದರೆ ಅದೇ ಹಳೆಯ ಸಂಕೇತ ಹೋಗುತ್ತದೆ, ಮುಂದೆ ಒಂದು ಗುರುತು ಮಾತ್ರ ಸೇರುತ್ತದೆ. ನಮ್ ಲಾಕ್ ದೀಪ ಆರಿರುವಾಗ ನೀವು ಶಿಫ್ಟ್ ಹಿಡಿದು ಆ್ಯರೋ ಒತ್ತಿದರೆ, ಕೀಬೋರ್ಡ್ ತಾನಾಗಿಯೇ 'ಶಿಫ್ಟ್ ಬಿಟ್ಟರು' ಎಂಬ ಸುಳ್ಳು ಸುದ್ದಿಯನ್ನೂ ಕಳಿಸುತ್ತದೆ. ನಮ್ ಲಾಕ್ ಹೊತ್ತಿದ್ದರೆ ಇದರ ಉಲ್ಟಾ: ಬರಿಯ ಆ್ಯರೋ ಒತ್ತಿದರೂ 'ಶಿಫ್ಟ್ ಒತ್ತಿದರು' ಎಂಬ ಸುದ್ದಿ ಮುಂದಾಗಿ ಹೋಗುತ್ತದೆ. ಆ ಗುರುತನ್ನು ಓದಲು ಕಲಿಯದ ಆಟ ಈ ಸುಳ್ಳನ್ನು ನಿಜವೆಂದೇ ನಂಬುತ್ತದೆ. ಶಿಫ್ಟ್ ಹಿಡಿದೇ ಇದ್ದೀರಿ, ಆಟದ ಲೆಕ್ಕದಲ್ಲಿ ಬಿಟ್ಟಿದ್ದೀರಿ. ಇದಕ್ಕೆ ಮದ್ದು ಸುಲಭ. ನಮ್ ಲಾಕ್ ಆರಿಸಿ, ನಂಬರ್ ಪ್ಯಾಡಿನ 4, 6, 8, 2ರಲ್ಲೇ ಆಡುವುದು. ಪ್ಯಾಡಿನ ಕೀಗಳು ಈ ಸುಳ್ಳು ಸುದ್ದಿ ಕಳಿಸುವುದಿಲ್ಲ. ತೊಂಬತ್ತರ ದಶಕದಲ್ಲಿ ಆಡಿದ ಅಣ್ಣಂದಿರು ಬಲಗೈಯನ್ನು ಸದಾ ನಂಬರ್ ಪ್ಯಾಡಿನ ಮೇಲೆ ಇಡುತ್ತಿದ್ದುದನ್ನು ನೋಡಿ ಅಭ್ಯಾಸಬಲ ಅಂದುಕೊಂಡಿದ್ದೆ. ಅದು ಯಂತ್ರವನ್ನು ಅರಿತವರ ಅಭ್ಯಾಸ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಡಾಸ್ ಕಾಲದವರಿಗೆ ನೆನಪಿರುವ ಇನ್ನೊಂದು ಸದ್ದು, ಕೀ ಹಿಡಿದೇ ಇದ್ದಾಗ ಬರುತ್ತಿದ್ದ ಪೀಂ ಪೀಂ. ಒತ್ತಿದ ಕೀಗಳು ಆಟ ಕೈಗೆತ್ತಿಕೊಳ್ಳುವ ತನಕ ಕಾಯುವ ಜಗಲಿಯಲ್ಲಿ 15 ಕೀಗಳಿಗಷ್ಟೇ ಜಾಗ. ತುಂಬಿದ ಮೇಲೆ ಹದಿನಾರನೆಯದು ಬಂದರೆ ಯಂತ್ರ ಕೂಗುತ್ತದೆ. ಆ ಕೂಗು ಕೇಳಿಸಿದರೆ ಕೀಬೋರ್ಡ್ ಚೆನ್ನಾಗಿದೆ, ಆಟವೇ ಕಿವಿ ಮುಚ್ಚಿಕೊಂಡಿದೆ ಎಂದು ತಿಳಿಯಬೇಕು.

ಅಣ್ಣ ತಮ್ಮ ಇಬ್ಬರೂ ಒಂದೇ ಕೀಬೋರ್ಡಿನಲ್ಲಿ ಆಡುವ ಮನೆಗಳಲ್ಲಿ ಜಗಳವೇ ಬೇರೆ. "ನಾನು ಒತ್ತಿದ್ದೆ, ಇವನು ಒತ್ತಿದ್ದಕ್ಕೆ ನಂದು ಬೀಳ್ಲಿಲ್ಲ" ಎನ್ನುವ ಮಗುವಿನ ಮಾತು ಅಕ್ಷರಶಃ ನಿಜ. ಅಗ್ಗದ ಕೀಬೋರ್ಡಿನೊಳಗೆ ನೂರು ಕೀಗೆ ನೂರು ತಂತಿ ಇರುವುದಿಲ್ಲ. ಮೂರು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಯಲ್ಲಿ ಗೆರೆಗಳು, ನಡುವಿನದರಲ್ಲಿ ತೂತುಗಳು. ಚುಕ್ಕಿ ರಂಗೋಲಿಯ ಹಾಗೆ ಅಡ್ಡಸಾಲು ಉದ್ದಸಾಲು ಕೂಡುವ ಕಡೆ ಒಂದೊಂದು ಕೀ. ಚೌಕದ ಮೂರು ಮೂಲೆಯ ಚುಕ್ಕಿಗಳನ್ನು ಒಟ್ಟಿಗೆ ಒತ್ತಿದರೆ ಯಾರೂ ಮುಟ್ಟದ ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣುತ್ತದೆ. ಆ ಭ್ರಮೆ ಬೇಡವೆಂದು ಒಳಗಿನ ಚಿಪ್ ಮೂರನೆಯ ಕೀಯನ್ನೇ ಕೈಬಿಡುತ್ತದೆ. ನೋಟ್‌ಪ್ಯಾಡ್ ತೆರೆದು ಇಬ್ಬರೂ ಆಡುವ ಅಕ್ಷರಗಳನ್ನು ಒಟ್ಟಿಗೆ ಒತ್ತಿ ನೋಡಿ, ಯಾವ ಗುಂಪಿನಲ್ಲಿ ಒಂದು ಕಾಣೆಯಾಗುತ್ತದೆ ಎಂಬುದು ನಿಮಿಷದಲ್ಲಿ ತಿಳಿಯುತ್ತದೆ. ಆ ಗುಂಪು ಬಿಟ್ಟು ಬೇರೆ ಕೀಗಳನ್ನು ಹಂಚಿಕೊಳ್ಳಿ. ಕಂಟ್ರೋಲ್, ಆಲ್ಟ್, ಶಿಫ್ಟ್‌ಗಳಿಗೆ ಬಹುತೇಕ ಕೀಬೋರ್ಡುಗಳಲ್ಲಿ ಬೇರೆಯೇ ಸಾಲು ಇರುವುದರಿಂದ ಅವು ಈ ಗೊಂದಲಕ್ಕೆ ಸಿಗುವುದಿಲ್ಲ. ಜಾನ್ ರೊಮೆರೊ ಅವರ 'ಡೇಂಜರಸ್ ಡೇವ್'ನಲ್ಲಿ ಗುಂಡು ಹೊಡೆಯಲು ಕಂಟ್ರೋಲ್, ಬೆನ್ನಿನ ಜೆಟ್ ಹೊತ್ತಿಸಲು ಆಲ್ಟ್. ಓಡುತ್ತಾ ಹಾರುತ್ತಾ ಗುಂಡು ಹೊಡೆದರೂ ಯಾವುದೂ ಬಿಟ್ಟುಹೋಗುವುದಿಲ್ಲ.

ಈಗ ನಮ್ಮದೇ ಬಾಗಿಲಿಗೆ ಬರೋಣ. ಇಂಗ್ಲಿಷ್ ಕೈಪಿಡಿಗಳನ್ನು ಎಷ್ಟು ತಿರುವಿ ಹಾಕಿದರೂ ಸಿಗದ ಕಾರಣ ಇದು, ನಾನು ಕಲಿತದ್ದು ಶಿರಾ ಗೇಟಿನ ಒಂದು ಡಿಟಿಪಿ ಅಂಗಡಿಯಲ್ಲಿ. ಹಗಲೆಲ್ಲ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘದ ಕರಪತ್ರ. ರಾತ್ರಿ ಎಂಟರ ಮೇಲೆ, ಶಿರಾ ಕಡೆಯ ಲಾರಿಗಳ ಸದ್ದು ಕೇಳುತ್ತಾ, ನಾವು ನಾಲ್ಕೈದು ಜನ ಅದೇ ಯಂತ್ರದ ಮುಂದೆ. ಒಂದು ರಾತ್ರಿ ಡಬ್ಲ್ಯೂ, ಎ, ಎಸ್, ಡಿ ನಾಲ್ಕೂ ಸತ್ತವು, ಆ್ಯರೋ ಮಾತ್ರ ಬದುಕಿದ್ದವು. ಆಟವನ್ನು ತೆಗೆದು ಹಾಕಿದೆವು, ಕೀಬೋರ್ಡ್ ಬದಲಿಸಿದೆವು, ಏನೂ ಆಗಲಿಲ್ಲ. ಅಂಗಡಿಯ ಅಣ್ಣ ಊಟ ಮುಗಿಸಿ ಬಂದು ಕೀಬೋರ್ಡಿನ ಮೇಲ್ಗಡೆ ಒಂದು ದೀಪ ತೋರಿಸಿದರು. ಸ್ಕ್ರೋಲ್ ಲಾಕ್. "ಕನ್ನಡ ಆನ್ ಆಗೈತೆ ಕಣ್ರೋ."

ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕೀಲಿಮಣೆ ವಿನ್ಯಾಸದಲ್ಲಿ ಡಬ್ಲ್ಯೂ ಒತ್ತಿದರೆ ಡ, ಎ ಒತ್ತಿದರೆ ಅ, ಎಸ್‌ಗೆ ಸ, ಡಿಗೆ ದ. ಈ ವಿನ್ಯಾಸದ ಮೇಲೆ ನಿಂತ 'ನುಡಿ' ಇರಲಿ, ಶೇಷಾದ್ರಿವಾಸು ಅವರ 'ಬರಹ' ಇರಲಿ, ಎಲ್ಲ ಕಡೆ ಕನ್ನಡ ಮೂಡಬೇಕಾದರೆ ಕೀ ಒತ್ತಿದ ಕೂಡಲೇ ಅದನ್ನು ದಾರಿಯಲ್ಲೇ ಹಿಡಿದು ಕನ್ನಡವಾಗಿಸಿ ಮುಂದೆ ಕಳಿಸಬೇಕು. ಅದೇ ಅವುಗಳ ಕೆಲಸ, ಅಚ್ಚುಕಟ್ಟಾಗಿ ಮಾಡುತ್ತವೆ. ಆ ಹೊತ್ತಿನಲ್ಲಿ ಆಟ ಕಾದಿದ್ದದ್ದು ಡಬ್ಲ್ಯೂಗೆ, ಬಂದದ್ದು ಡಕಾರ. ಮುಂದೆ ನಡಿ ಎಂದು ನಾವು ಹೇಳಿದ್ದೆವು, ಆಟಕ್ಕೆ ತಲುಪಿದ್ದು ಅರ್ಥವಾಗದ ಅಕ್ಷರ.

ಈಗಿನ ವಿಂಡೋಸ್‌ನಲ್ಲಿ ಕನ್ನಡ ಒಳಗೇ ಇದೆ, ಅದರ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ನಾಲ್ಕು ಕೀಗಳು ಐತ್ವ, ಓತ್ವ, ಏತ್ವ ಮತ್ತು ಅರ್ಧಾಕ್ಷರದ ಗುರುತು. ಒತ್ತಿದ್ದು ಎಷ್ಟನೆಯ ಕೀ ಎಂದು ಕೇಳುವ ಆಟಗಳಿಗೆ ಇದರಿಂದ ತೊಂದರೆ ಇಲ್ಲ. ಯಾವ ಅಕ್ಷರ ಬಂತು ಎಂದು ಕೇಳುವ ಆಟಗಳು ಮಾತ್ರ ಸುಮ್ಮನೆ ನಿಲ್ಲುತ್ತವೆ. ಯಾರೂ ಭಾಷೆ ಬದಲಿಸಿಲ್ಲ, ಆದರೂ ಹೀಗಾಯಿತು ಎನ್ನುವವರು ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ನೋಡಿಕೊಳ್ಳಿ. ಅವೆರಡನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸ್ ಭಾಷೆ ಬದಲಿಸುತ್ತದೆ. 1993ರ 'ಡೂಮ್'ನಲ್ಲಿ ಓಡಲು ಶಿಫ್ಟ್, ಪಕ್ಕಕ್ಕೆ ಸರಿಯಲು ಆಲ್ಟ್. ರಾಕ್ಷಸನ ಬೆಂಕಿಯುಂಡೆ ತಪ್ಪಿಸಿಕೊಂಡು ಪಕ್ಕಕ್ಕೆ ಓಡಿದಿರಿ ಎಂದರೆ ಅದೇ ಗಳಿಗೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೂ ದಾಟಿರಬಹುದು. ಭಾಷೆಯ ಪಟ್ಟಿಯಿಂದ ಕನ್ನಡವನ್ನು ತೆಗೆದುಹಾಕಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಆಟಕ್ಕಾಗಿ ಕನ್ನಡವನ್ನು ಮನೆಯಿಂದ ಹೊರಗೆ ಹಾಕಬೇಕಿಲ್ಲ, ಆ ಶಾರ್ಟ್‌ಕಟ್ ಒಂದನ್ನು ತೆಗೆದರೆ ಸಾಕು. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಬೇಕಾದಾಗ ಭಾಷೆ ಬದಲಿಸಿಕೊಳ್ಳಬಹುದು.

ಡಾಸ್‌ಬಾಕ್ಸ್ ಬಳಸುವವರಿಗೆ ಒಂದೆರಡು ಮಾತು. ಕಂಟ್ರೋಲ್ ಜೊತೆ ಎಫ್1 ಒತ್ತಿದರೆ ಕೀಗಳ ನಕ್ಷೆ ತೆರೆಯುತ್ತದೆ. ಯಾರೋ ಅಲ್ಲಿ ಕೈಯಾಡಿಸಿ ಉಳಿಸಿದ್ದರೆ ಆ ನಕ್ಷೆಯ ಫೈಲನ್ನು ಅಳಿಸಿ, ಮೊದಲಿನಂತಾಗುತ್ತದೆ. ಆಟ ಜಡವಾಗಿದ್ದರೆ ಅಥವಾ ಒಂದು ಒತ್ತಿಗೆ ಎರಡು ಹೆಜ್ಜೆ ಹಾಕುತ್ತಿದ್ದರೆ ಕಂಟ್ರೋಲ್ ಜೊತೆ ಎಫ್11, ಎಫ್12 ಒತ್ತಿ ವೇಗ ಇಳಿಸಿ ಏರಿಸಿ. ಕಂಟ್ರೋಲ್ ಹಿಡಿದಿರುವಾಗ ಎಫ್9 ಮಾತ್ರ ಮುಟ್ಟಬೇಡಿ, ಕೇಳದೆಯೇ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಕೀ ಬೀಳದಿದ್ದರೆ ಆಗ ಕೀಬೋರ್ಡ್ ಬಿಚ್ಚಿ. ಹೆದ್ದಾರಿಯ ಧೂಳು ನಮ್ಮ ಕಡೆಯ ಮನೆಗಳಿಗೆ ಹೊಸದಲ್ಲ, ಆ ಮೂರು ಹಾಳೆಗಳ ನಡುವೆಯೂ ಇಳಿಯುತ್ತದೆ. ಹತ್ತಿಗೆ ಸ್ಪಿರಿಟ್ ಅದ್ದಿ, ಗೆರೆ ಕೀಳದ ಹಾಗೆ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ.

ಹುಡುಗ ಇದನ್ನೆಲ್ಲ ಕೇಳುತ್ತಾ ಮಧ್ಯೆ ಮಧ್ಯೆ ರಾಜಕುಮಾರನನ್ನು ಓಡಿಸುತ್ತಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ನಂಬರ್ ಪ್ಯಾಡ್ ಇಲ್ಲ, ಆ್ಯರೋಗಳು ಉಗುರಿನಷ್ಟು ಸಣ್ಣವು. ಅಟ್ಟದಿಂದ ನನ್ನ ಹಳೆಯ ಟಿವಿಎಸ್ ಗೋಲ್ಡ್ ಇಳಿಸಿದೆ. ಟಕಟಕ ಸದ್ದಿನ ಆ ಗಟ್ಟಿ ಕೀಬೋರ್ಡ್ ನೋಡಿ ಅವನ ಕಣ್ಣು ಅರಳಿತು. ಪ್ಯಾಡಿನ 6 ಸ್ವಲ್ಪ ಬಿಗಿ, ನಾಲ್ಕು ದಿನ ಆಡಿದರೆ ಸಡಿಲಾಗುತ್ತೆ ಎಂದೆ. ಎಡಗಡೆಯ ಶಿಫ್ಟಿಗೆ ಕಿರುಬೆರಳು, ನಂಬರ್ ಪ್ಯಾಡಿಗೆ ಬಲಗೈ. ಮೂರನೆಯ ಸಲಕ್ಕೆ ರಾಜಕುಮಾರ ಅಂಚಿನ ತನಕ ಒಂದೊಂದೇ ಅಡಿ ಇಟ್ಟು ನಿಂತ, ಕೆಳಗಿನ ಮುಳ್ಳುಗಳನ್ನು ನೋಡುವ ಹಾಗೆ. "ಈಗ ಹಾರ್ಲಾ ಅಂಕಲ್?" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಹಾರಿದ.